ಹಿತ್ತಲ ಗಿಡವೂ ವಿಶ್ವವಿದ್ಯಾನಿಲಯವೂ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಸಾಮಾನ್ಯವಾಗಿ ತನ್ನ ಊರಿನಲ್ಲಿಯೇ ಮನ್ನಣೆ ಕಾಣದ ಪಂಡಿತನನ್ನು ಕುರಿತು ಹೇಳುತ್ತೇವೆ. ಅದನ್ನು ಸ್ವಲ್ಪ ತಿರುಗಿಸಿ, ತನ್ನ ಹಿತ್ತಲನ್ನೇ ನೋಡದ ಪಂಡಿತನನ್ನು ಕುರಿತೂ ಹೇಳಬಹುದು. ನಮ್ಮ ವಿಶ್ವವಿದ್ಯಾನಿಲಯಗಳಿಗೆ ಈ ಎರಡನೆಯ ಅರ್ಥವೇ ಹೆಚ್ಚು ಒಪ್ಪುತ್ತದೆಂದು ನನಗೆ ತೋರುತ್ತದೆ.

ಬೆಂಗಳೂರಿನಲ್ಲಿ ವಿದ್ಯಾಸಂಸ್ಥೆಗಳಿಗೆ ಬರವಿಲ್ಲ. ಮಲ್ಲೇಶ್ವರದ ಮಗ್ಗುಲಲ್ಲಿ ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜಿದೆ. ನಾಗರಭಾವಿಯಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನಕ್ಕೆಂದು ೧೯೭೨ರಲ್ಲಿ ಹುಟ್ಟಿದ ಸಂಸ್ಥೆಯಿದೆ. ಸದಾಶಿವನಗರದಲ್ಲಿ ನಗರಗಳ ಅಧ್ಯಯನಕ್ಕೇ ಮೀಸಲಾದ ‘ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟ್ಲ್‌ಮೆಂಟ್ಸ್’ ಇದೆ. ನಗರದ ಸಮಸ್ಯೆಗಳು, ಸಾಮಾಜಿಕ ಸಮಾನತೆ ಎಂಬ ಮಾತುಗಳಿಲ್ಲದ ವಿಚಾರಗೋಷ್ಠಿಯ ಆಹ್ವಾನಪತ್ರಿಕೆ ಈಗ ಅಪರೂಪ. ಇಷ್ಟಾದರೂ ನಮ್ಮ ಪದವೀಧರನೊಬ್ಬನನ್ನು ನಿಲ್ಲಿಸಿ, ‘ನಿನ್ನ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗಿ ಸೇರುತ್ತದೆ? ನಿನ್ನ ಬೀದಿಯನ್ನು ಗುಡಿಸುವಾಕೆ ಎಷ್ಟು ಹೊತ್ತಿಗೆ, ಎಲ್ಲಿಂದ ಹೊರಟು ಬರುತ್ತಾಳೆ?’ ಎಂದು ಕೇಳಿದರೆ ಉತ್ತರ ಬರುವುದು ಸಂದೇಹ. ಇದು ಆ ಯುವಕನ ದೋಷವಲ್ಲ. ಅವನಿಗೆ ಕಲಿಸಿದ ವಿದ್ಯೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

ನಗರದ ಜನರನ್ನು ಕೇಳಿ, ಎಣಿಸಿ, ಅಳೆದು ಪಡೆದ ಜ್ಞಾನವು ಆ ಜನರಿಂದ ತಂದ ಕಡ. ಅದನ್ನು ಅವರ ಬೀದಿಯಲ್ಲಿ, ಅವರ ನುಡಿಯಲ್ಲಿ ಹಿಂದಿರುಗಿಸುವವರೆಗೆ ಸಂಶೋಧನೆ ಮುಗಿಯಿತೆಂದು ಹೇಳಲಾಗದು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೆ.

* * *

ಹಳೆಯ ಬೆಂಗಳೂರಿನ ಬಡಾವಣೆಗಳು ಒಂದು ಬಗೆಯ ವಿದ್ಯೆಯ ಫಲವೆಂಬುದನ್ನು ನಾವು ಮರೆಯುತ್ತೇವೆ. ಚಾಮರಾಜಪೇಟೆ ೧೮೯೨ರಲ್ಲಿ ರೂಪುಗೊಂಡಿತು. ಬಸವನಗುಡಿ, ಮಲ್ಲೇಶ್ವರಗಳ ಯೋಚನೆಯೂ ಆ ದಶಕದ್ದೇ. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಇಕ್ಕಟ್ಟಾದ ಪೇಟೆಯ ಜನ ಮನೆ ಬಿಟ್ಟು ಬಯಲಿಗೆ ಓಡಬೇಕಾದಾಗ ಆ ಯೋಚನೆಗೆ ಅವಸರ ಒದಗಿತು. ವಿಶಾಲವಾದ ರಸ್ತೆಗಳು, ಒಂದಕ್ಕೊಂದು ಅಡ್ಡವಾಗಿ ಬೀಳುವ ಬೀದಿಗಳು, ಮನೆಯ ಸುತ್ತ ಗಾಳಿ ಬೆಳಕಿಗೆ ಬಿಟ್ಟ ಜಾಗ, ನಡುನಡುವೆ ಉದ್ಯಾನ ಇವೆಲ್ಲ ಅಂದಿನ ಆರೋಗ್ಯಶಾಸ್ತ್ರದ ಪಾಠಗಳು.

ಆ ಶಾಸ್ತ್ರ ಪೂರ್ಣವಾಗಿರಲಿಲ್ಲ. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಇಲಿಯ ಮೈಮೇಲಿನ ಚಿಗಟವು ಅದನ್ನು ಹೊತ್ತು ತರುತ್ತದೆಂದು ಸಿಮೋಂಡ್ ೧೮೯೮ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರೂ ಪಂಡಿತಲೋಕ ಅದನ್ನು ಒಪ್ಪಲು ಹಲವು ವರ್ಷ ಹಿಡಿಯಿತು. ಆದುದರಿಂದ ನಮ್ಮ ಅಧಿಕಾರಿಗಳು ಇಕ್ಕಟ್ಟನ್ನೂ ಕೊಳೆಯನ್ನೂ ಕೆಟ್ಟ ಗಾಳಿಯನ್ನೂ ಶತ್ರುಗಳೆಂದೆಣಿಸಿ ಊರನ್ನು ಬಿಡಿಸಿ ಕಟ್ಟಿದರು. ಅರ್ಧ ತಿಳಿವಿನಿಂದಲೂ ಒಳ್ಳೆಯ ಕೆಲಸವಾಗುವುದುಂಟು. ಇಂದಿಗೂ ಆ ರಸ್ತೆಗಳ ಸಾಲುಮರದ ನೆರಳಿನಲ್ಲಿ ನಡೆಯುವವರು ಅವರನ್ನು ನೆನೆಯಬೇಕು.

ಆದರೆ ಆ ಯೋಜನೆಯ ನಕ್ಷೆಯಲ್ಲಿ ಇನ್ನೊಂದು ಗೆರೆಯಿತ್ತು. ಎರಡು ಸಾಲು ಮನೆಗಳ ಹಿತ್ತಲುಗಳ ನಡುವೆ ಸಣ್ಣದೊಂದು ದಾರಿಯನ್ನು ಬಿಟ್ಟರು. ನಮ್ಮ ಜನ ಅದನ್ನು ಕನ್ಸರ್ವೆನ್ಸಿ ಗಲ್ಲಿಯೆಂದು ಕರೆಯುತ್ತಾರೆ. ಒಳಚರಂಡಿ ಬರುವ ಮುಂಚೆ ಕಕ್ಕಸು ಹಿತ್ತಲ ಕೊನೆಯಲ್ಲಿ ಇರುತ್ತಿತ್ತು. ಅದನ್ನು ಬಳಿದು ಹೊತ್ತು ಸಾಗಿಸುವವರು ಮುಂಬಾಗಿಲಿನ ಬೀದಿಯಲ್ಲಿ ಕಾಣಿಸದೆ, ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲೆಂದು ಆ ದಾರಿ. ಮಲವನ್ನು ಹೊರುವ ಕೆಲಸ ಯಾವ ಜಾತಿಯವರದೆಂಬುದನ್ನು ನಕ್ಷೆ ಬರೆದವನು ಬರೆಯಬೇಕಾಗಿರಲಿಲ್ಲ. ಎಲ್ಲರಿಗೂ ಅದು ತಿಳಿದೇ ಇತ್ತು. ನಿವೇಶನಗಳನ್ನು ಹಂಚುವಾಗಲೂ ಜಾತಿಯ ಲೆಕ್ಕ ಸೇರಿತ್ತು. ಹೀಗೆ ಆರೋಗ್ಯಶಾಸ್ತ್ರದ ಹೊಸ ಪಾಠದ ಜತೆಗೆ ಸಮಾಜದ ಹಳೆಯ ಪಾಠವೂ ಕಲ್ಲುಮಣ್ಣಿನಲ್ಲಿ ಕೂತಿತು.

ಒಳಚರಂಡಿ ಬಂದ ಮೇಲೆ ಗಲ್ಲಿಗೆ ಕೆಲಸ ತಪ್ಪಿತು. ಕೆಲವೆಡೆ ಅಕ್ಕಪಕ್ಕದ ಮನೆಯವರು ಅದನ್ನು ಒಳಗೆ ಸೇರಿಸಿಕೊಂಡರು. ಕೆಲವೆಡೆ ಕಸವೂ ಕೆಟ್ಟು ನಿಂತ ವಾಹನಗಳೂ ತುಂಬಿಕೊಂಡವು. ಇತ್ತೀಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕೆಲವು ಗಲ್ಲಿಗಳನ್ನು ಗುಡಿಸಿ, ಗೋಡೆಗೆ ಬಣ್ಣ ಬಳಿದು, ನಡೆಯುವವರಿಗೆ ತೆರೆದಿದ್ದಾರೆ. ಅದು ಸಂತೋಷದ ಸಂಗತಿ. ಆದರೆ ಆ ಚಿತ್ರಗಳ ನಡುವೆ, ಆ ದಾರಿ ಯಾರಿಗಾಗಿ ಹುಟ್ಟಿತೆಂಬುದನ್ನು ಹೇಳುವ ಒಂದು ಸಾಲನ್ನೂ ಬರೆದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಚರಿತ್ರೆಯ ಪಾಠ ಬೇಕಾಗದು.

* * *

ಇಂಥ ಊರನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದವರು ಯಾರು? ೧೯೫೭ರಲ್ಲಿ ಕೆ. ಎನ್. ವೆಂಕಟರಾಯಪ್ಪನವರು ಬೆಂಗಳೂರಿನ ಸಮಾಜವನ್ನೂ ಪರಿಸರವನ್ನೂ ಕುರಿತು ಬರೆದ ಗ್ರಂಥ ಹೊರಬಂದಿತು. ಪ್ರಕಟಿಸಿದುದು ಮುಂಬಯಿ ವಿಶ್ವವಿದ್ಯಾನಿಲಯ. ೧೯೬೪ರಲ್ಲಿ ಆರ್. ಎಲ್. ಸಿಂಗ್ ಅವರ ಬೆಂಗಳೂರು ನಗರ ಸಮೀಕ್ಷೆ ಹೊರಬಂದಿತು. ಪ್ರಕಟವಾದುದು ಕಾಶಿಯಲ್ಲಿ. ಅದೇ ೧೯೬೪ರಲ್ಲಿ ಸೆಂಟ್ರಲ್ ಕಾಲೇಜನ್ನೂ ೧೯೧೭ರಲ್ಲಿ ವಿಶ್ವೇಶ್ವರಯ್ಯನವರು ಆರಂಭಿಸಿದ್ದ ಎಂಜಿನಿಯರಿಂಗ್ ಕಾಲೇಜನ್ನೂ ಕೂಡಿಸಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿತು. ಬೆಂಗಳೂರು ತನ್ನ ವಿಶ್ವವಿದ್ಯಾನಿಲಯವನ್ನು ಪಡೆಯುವ ಹೊತ್ತಿಗೆ ಬೆಂಗಳೂರಿನ ಮೇಲಿನ ವಿದ್ವತ್ತು ಆಗಲೇ ಮುಂಬಯಿಯಲ್ಲೂ ಕಾಶಿಯಲ್ಲೂ ಅಚ್ಚಾಗಿತ್ತು.

ಮುಂಬಯಿಯ ಹೆಸರು ಬಂದುದು ಆಕಸ್ಮಿಕವಲ್ಲ. ಅಲ್ಲಿಯ ಸಮಾಜಶಾಸ್ತ್ರ ಮತ್ತು ಪೌರವಿದ್ಯೆಯ ವಿಭಾಗಕ್ಕೆ ೧೯೧೯ರಲ್ಲಿ ಮೊದಲ ಪ್ರಾಧ್ಯಾಪಕರಾಗಿ ಬಂದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್. ಮದ್ದು ಕೊಡುವ ಮುನ್ನ ವೈದ್ಯನು ನಾಡಿ ನೋಡುವಂತೆ, ಊರನ್ನು ತಿದ್ದುವ ಮುನ್ನ ಊರಿನಲ್ಲಿ ಕಾಲ್ನಡಿಗೆಯಿಂದ ತಿರುಗಿ ನೋಡಬೇಕೆಂಬುದು ಅವರ ಮತ. ಭಾರತದ ಅನೇಕ ಪಟ್ಟಣಗಳಲ್ಲಿ ತಿರುಗಿ, ಹಳೆಯ ಓಣಿಗಳನ್ನು ಒಡೆದುಹಾಕಿ ನೇರ ರಸ್ತೆ ಮಾಡುವ ಎಂಜಿನಿಯರುಗಳ ಹುಮ್ಮಸ್ಸನ್ನು ಅವರು ವಿರೋಧಿಸಿದರು. ಪೌರವಿದ್ಯೆಯೆಂಬುದು ವಿಶ್ವವಿದ್ಯಾನಿಲಯದಲ್ಲಿ ಕಲಿಸತಕ್ಕ ಶಾಸ್ತ್ರವೆಂಬ ಮಾತು ನಮ್ಮ ದೇಶಕ್ಕೆ ಹೊಸದಲ್ಲವೆಂದು ತೋರಿಸಲು ಇದನ್ನು ಹೇಳಿದೆ.

ಬೆಂಗಳೂರು ವಿಶ್ವವಿದ್ಯಾನಿಲಯದ ಹುಟ್ಟಿನ ಉದ್ದೇಶವೇ ನಗರದ ಉನ್ನತ ಶಿಕ್ಷಣವನ್ನು ಹೊಸದಾಗಿ ರೂಪಿಸುವುದಾಗಿತ್ತು. ಆದರೆ ೧೯೭೩ರಲ್ಲಿ ಅದು ಜ್ಞಾನಭಾರತಿಯ ವಿಶಾಲ ಬಯಲಿಗೆ ಹೋಯಿತು. ಜಾಗ ಬೇಕಾಗಿತ್ತು, ನಿಜ. ಸಾವಿರಾರು ವಿದ್ಯಾರ್ಥಿಗಳಿಗೆ ಪೇಟೆಯ ನಡುವೆ ಎಡೆಯೆಲ್ಲಿ? ಆದರೂ ನಗರದ ಹೆಸರನ್ನು ಹೊತ್ತ ವಿಶ್ವವಿದ್ಯಾನಿಲಯ ಆ ಕಾಲಕ್ಕೆ ಊರ ಹೊರಗೆ ಹೋಗಿ ನಿಂತಾಗ, ಊರಿನೊಡನೆ ಅದರ ಮಾತುಕತೆಯೂ ಬಸ್ಸು ಹತ್ತಿ ಬರಬೇಕಾಯಿತು. ೧೯೭೯ರಲ್ಲಿ ವಿ. ಕೆ. ಆರ್. ವಿ. ರಾವ್ ಮತ್ತು ಪಿ. ಕೆ. ತಿವಾರಿಯವರು ಬೆಂಗಳೂರೆಂಬ ಮಹಾನಗರದ ರಚನೆಯನ್ನು ಕುರಿತು ಬರೆದ ಗ್ರಂಥ ಪ್ರಕಟವಾಯಿತು. ಈ ಸಲ ಕೆಲಸ ನಮ್ಮ ಊರಿನಲ್ಲಿಯೇ ನಡೆದಿತ್ತು.

ಈ ಮೂರು ಗ್ರಂಥಗಳ ಯೋಗ್ಯತೆಯನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಮೂರೂ ಇಂಗ್ಲಿಷಿನವು. ೧೯೦೧ರಲ್ಲಿ ನಗರ ದಂಡುಗಳೆರಡೂ ಸೇರಿ ಒಂದೂವರೆ ಲಕ್ಷಕ್ಕೆ ಸ್ವಲ್ಪ ಮಿಕ್ಕಿದ್ದ ಜನ ೨೦೧೧ರ ಎಣಿಕೆಯಲ್ಲಿ ಎಂಬತ್ತನಾಲ್ಕು ಲಕ್ಷವಾದರು. ಅವರ ಬದುಕನ್ನು ಕುರಿತ ಗ್ರಂಥಗಳ ಸಂಖ್ಯೆಯೂ ಬೆಳೆಯಿತು. ಆದರೆ ಬೀದಿಯ ಮನುಷ್ಯ ಓದಬಲ್ಲ ಗ್ರಂಥಗಳೆಷ್ಟೆಂದು ಎಣಿಸಹೊರಟರೆ ಬೆರಳುಗಳೇ ಹೆಚ್ಚಾದಾವು.

* * *

ನಮ್ಮ ಹಿರಿಯರು ಹೀಗಿರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ಒಂದು ಶತಮಾನಕ್ಕೂ ಹಿಂದೆಯೇ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ಪಾರಿಭಾಷಿಕ ಪದಗಳಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ, ಪದಗಳನ್ನು ಹುಡುಕಿದರು, ಸಿಕ್ಕದೆಡೆ ಕಟ್ಟಿದರು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಕೊಡಿಸಿತು. ಆ ಉಪನ್ಯಾಸಗಳು ಸಣ್ಣ ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಮನೆಮನೆಗೆ ಬಂದವು. ಡಿ. ವಿ. ಗುಂಡಪ್ಪನವರು ೧೯೪೫ರಲ್ಲಿ ಬಸವನಗುಡಿಯ ನರಸಿಂಹರಾಜ ಕಾಲೋನಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬರುವ ಎರಡು ವರ್ಷ ಮೊದಲೇ, ಪ್ರಜೆಯಾಗುವುದನ್ನೂ ಕಲಿಯಬೇಕೆಂದು ಅವರಿಗೆ ತೋರಿತ್ತು.

ಎಚ್. ನರಸಿಂಹಯ್ಯನವರ ಉದಾಹರಣೆ ಇನ್ನೂ ಹತ್ತಿರದ್ದು. ಗೌರಿಬಿದನೂರಿನ ಬಳಿಯ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲನ್ನು ಸೇರಿದ ಬಡ ಹುಡುಗ ಅವರು. ಮುಂದೆ ಅದೇ ವಿದ್ಯಾಸಂಸ್ಥೆಯ ಮುಖ್ಯಸ್ಥರಾದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದರು. ಕೊನೆಯವರೆಗೆ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳಿದರು. ೧೯೬೨ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ವಾರವಾರವೂ ನಡೆದ ಉಪನ್ಯಾಸಗಳಿಗೆ ಯಾರು ಬೇಕಾದರೂ ಬಂದು ಕೂರಬಹುದಾಗಿತ್ತು. ವಿದ್ಯೆಯ ಬಾಗಿಲನ್ನು ತೆರೆಯುವುದೆಂದರೆ ಹೆಚ್ಚು ಹಣ ಬೇಡುವ ಕೆಲಸವಲ್ಲವೆಂಬುದಕ್ಕೆ ಬಸವನಗುಡಿಯ ಆ ಸಭಾಂಗಣವೇ ಸಾಕ್ಷಿ.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಈ ಮಹನೀಯರು ಜ್ಞಾನವನ್ನು ಜನಕ್ಕೆ ಹಂಚಿದರು. ಹಂಚಿದುದು ಬಹುಮಟ್ಟಿಗೆ ಹೊರಗಿನಿಂದ ತಂದ ಜ್ಞಾನ: ನಕ್ಷತ್ರಗಳದ್ದು, ಅಣುವಿನದ್ದು, ರಾಜ್ಯಶಾಸ್ತ್ರದ್ದು. ನಾನು ಹೇಳುತ್ತಿರುವುದು ಅದರ ಮುಂದಿನ ಹೆಜ್ಜೆ. ಜನರಿಂದಲೇ ಪಡೆದ ಜ್ಞಾನವನ್ನು ಜನಕ್ಕೆ ಹಿಂದಿರುಗಿಸುವುದು ದಾನವಲ್ಲ, ಸಾಲ ತೀರಿಸುವುದು. ದಾನವನ್ನು ಕೊಡದಿದ್ದರೆ ಯಾರೂ ಕೇಳುವಂತಿಲ್ಲ, ಸಾಲವನ್ನು ಕೇಳುವ ಹಕ್ಕು ಕೊಟ್ಟವನಿಗೆ ಇದೆ.

* * *

ಎಣಿಕೆಯೊಂದು ಬಡವರ ಬದುಕನ್ನು ಹೇಗೆ ಮುಟ್ಟಬಲ್ಲದೆಂಬುದಕ್ಕೆ ನಮ್ಮ ಊರಿನಲ್ಲಿಯೇ ನಿದರ್ಶನಗಳಿವೆ. ಐ. ಪಿ. ಡಿ. ಸಾಲಪ್ಪನವರ ಅಧ್ಯಕ್ಷತೆಯ ಸಮಿತಿಯು ಕಸ ಗುಡಿಸುವವರ, ಮಲ ಹೊರುವವರ ಸ್ಥಿತಿಗತಿಗಳನ್ನು ವಿಚಾರಿಸಿ ೧೯೭೬ರಲ್ಲಿ ಸರಕಾರಕ್ಕೆ ವರದಿಯನ್ನು ಒಪ್ಪಿಸಿತು. ಐನೂರು ಜನರಿಗೆ ಒಬ್ಬ ಕಾರ್ಮಿಕನಿರಬೇಕೆಂದು ಆ ವರದಿ ಹೇಳಿತು. ಕೇಳಲು ಇದು ಒಂದು ಶುಷ್ಕ ಅಂಕಿ. ಆದರೆ ಮುಂದೆ ದಶಕಗಳ ಕಾಲ ನ್ಯಾಯ ಕೇಳಲು ನಿಂತ ಪೌರಕಾರ್ಮಿಕರ ಕೈಯಲ್ಲಿ ಇದ್ದ ಗಟ್ಟಿಯಾದ ಆಯುಧಗಳಲ್ಲಿ ಆ ಅಂಕಿಯೂ ಒಂದು. ‘ಇಷ್ಟು ಜನಕ್ಕೆ ಇಷ್ಟು ಜನ ಬೇಕೆಂದು ನೀವೇ ಒಪ್ಪಿದ್ದೀರಿ, ಉಳಿದವರೆಲ್ಲಿ?’ ಎಂದು ಅವರು ಕೇಳಬಹುದಾಗಿತ್ತು. ೨೦೨೫ರ ಮೇ ಒಂದರಂದು ಬೆಂಗಳೂರಿನ ೧೨,೬೯೨ ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರಗಳು ದೊರೆತವು. ಅದರ ಹಿಂದೆ ಬಹುಕಾಲದ ಹೋರಾಟವಿದೆ, ಒಂದು ವರದಿಯಿಂದ ಅದು ಆಗಲಿಲ್ಲ. ಆದರೂ ಆ ಹೋರಾಟಕ್ಕೆ ಲೆಕ್ಕದ ಬಲವಿತ್ತು.

ಭಾಷೆಯೂ ಇಲ್ಲಿ ಸಣ್ಣ ಕೆಲಸ ಮಾಡಲಿಲ್ಲ. ಹಿಂದೆ ಜಾಡಮಾಲಿಯೆಂದು ಕರೆಸಿಕೊಳ್ಳುತ್ತಿದ್ದವರು ಪೌರಕಾರ್ಮಿಕರೆಂದು ಕರೆಸಿಕೊಂಡಾಗ ಅವರ ಕೆಲಸಕ್ಕೆ ಪೌರತ್ವದ ಸಂಬಂಧ ಬಂದಿತು. ಹೆಸರು ಬದಲಾದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲವೆಂಬುದು ನಿಜ. ಆದರೆ ಶಾಸ್ತ್ರಕ್ಕೆ ಕನ್ನಡದಲ್ಲಿ ಪದವಿಲ್ಲವೆಂದು ಹೇಳುವವರು ಈ ಒಂದು ಪದವನ್ನು ನೆನೆದರೆ ಸಾಕು.

ಎರಡನೆಯ ನಿದರ್ಶನ ಗಾಂಧಿಬಜಾರಿನದು. ಬೀದಿಬದಿಯ ವ್ಯಾಪಾರಿಗಳನ್ನು ಕುರಿತ ೨೦೧೪ರ ಕೇಂದ್ರ ಶಾಸನವು ಒಂದು ಅಪೂರ್ವವಾದ ಮಾತನ್ನು ಹೇಳಿದೆ. ಊರಿನ ವ್ಯಾಪಾರಿಗಳೆಲ್ಲರ ಸಮೀಕ್ಷೆ ಮುಗಿದು ಅವರಿಗೆ ಪತ್ರ ದೊರೆಯುವವರೆಗೆ ಯಾರನ್ನೂ ಅವರ ಜಾಗದಿಂದ ಎಬ್ಬಿಸುವಂತಿಲ್ಲ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಇವನ್ನೆಲ್ಲ ನೋಡಿಕೊಳ್ಳುವ ಸಮಿತಿಯಲ್ಲಿ ನೂರಕ್ಕೆ ನಲವತ್ತರಷ್ಟಾದರೂ ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಅಂದರೆ ಇಲ್ಲಿ ಎಣಿಕೆಯೆಂಬುದೇ ಒಂದು ಹಕ್ಕು. ಸರಿಯಾಗಿ ಎಣಿಸಿಕೊಂಡ ಹೂವಿನವಳಿಗೆ ಜಾಗವುಂಟು, ಎಣಿಕೆಯಿಂದ ಬಿಟ್ಟುಹೋದವಳಿಗೆ ಇಲ್ಲ. ೨೦೨೨ರ ಕೊನೆಯಲ್ಲಿ ಗಾಂಧಿಬಜಾರಿನ ರಸ್ತೆಯನ್ನು ಹೊಸದಾಗಿ ಕಟ್ಟಲು ಅಗೆದಾಗ ಅಲ್ಲಿಯ ಹೂವು, ಹಣ್ಣು, ತರಕಾರಿಯವರು ಎಲ್ಲಿ ಕೂರಬೇಕೆಂಬ ಪ್ರಶ್ನೆ ಎದ್ದಿತು. ಬಜಾರಿನಿಂದ ಕೂಗಳತೆಯಲ್ಲಿ ಕಾಲೇಜುಗಳಿವೆ. ಅಂಕಿಅಂಶಶಾಸ್ತ್ರವನ್ನು, ಅರ್ಥಶಾಸ್ತ್ರವನ್ನು, ಸಮಾಜಶಾಸ್ತ್ರವನ್ನು ಕಲಿಯುವ ನೂರಾರು ಮಂದಿ ಹುಡುಗ ಹುಡುಗಿಯರು ಆ ವ್ಯಾಪಾರಿಗಳ ಮುಂದಿನಿಂದಲೇ ದಿನವೂ ಹಾದುಹೋಗುತ್ತಾರೆ. ಯಾರು ಎಷ್ಟು ವರ್ಷದಿಂದ ಎಲ್ಲಿ ಕೂತಿದ್ದಾರೆ, ಸಾಲ ಎಲ್ಲಿಂದ ತರುತ್ತಾರೆ, ಬಡ್ಡಿ ಎಷ್ಟು, ಮಳೆ ಬಂದರೆ ಏನು ಮಾಡುತ್ತಾರೆ ಎಂಬುದನ್ನು ವರ್ಷವರ್ಷವೂ ಬರೆದಿಡುವುದು ಒಂದು ಪಾಠವಾಗಬಾರದೇಕೆ? ಅಂಥ ಒಂದು ಪುಸ್ತಕ ಕಾಲೇಜಿನಲ್ಲಿದ್ದರೆ ರಸ್ತೆ ಅಗೆಯುವ ದಿನ ಅದರ ಬೆಲೆ ತಿಳಿಯುತ್ತದೆ.

ನಮ್ಮಲ್ಲಿ ೧೯೬೯ರಿಂದ ರಾಷ್ಟ್ರೀಯ ಸೇವಾ ಯೋಜನೆಯಿದೆ. ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಏಳು ದಿನ ಹಳ್ಳಿಗೆ ಹೋಗಿ ಶಿಬಿರ ಮಾಡುತ್ತಾರೆ, ಶ್ರಮದಾನ ಮಾಡುತ್ತಾರೆ, ಸಂಜೆ ಹಾಡುತ್ತಾರೆ. ಒಳ್ಳೆಯದೇ. ಆದರೆ ಸೇವೆಯೆಂದರೆ ದೂರ ಹೋಗುವುದು ಎಂಬ ಭಾವನೆ ಅದರಿಂದ ಬೆಳೆಯಿತೇನೋ. ಬಸ್ಸು ಹತ್ತಿ ಹಳ್ಳಿಗೆ ಹೋದವರು ಕಾಲೇಜಿನ ಹಿಂದಿನ ಗಲ್ಲಿಗೆ ಹೋಗುವುದು ಕಡಮೆ. ಹಳ್ಳಿಯವರು ನಮ್ಮನ್ನು ಅತಿಥಿಗಳೆಂದು ನೋಡುತ್ತಾರೆ. ಹಿಂದಿನ ಗಲ್ಲಿಯವರು ನಮ್ಮನ್ನು ದಿನವೂ ನೋಡುತ್ತಾರೆ, ಅವರ ಮುಂದೆ ಏಳು ದಿನದ ಸೇವಕರಾಗಿ ನಿಲ್ಲುವುದು ಸುಲಭವಲ್ಲ.

* * *

ಇನ್ನು ವೃಷಭಾವತಿಯ ಮಾತು. ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಈ ನದಿ ಹುಟ್ಟಿತೆಂಬುದು ಬಸವನಗುಡಿಯ ಜನರ ನಂಬಿಕೆ. ಅಲ್ಲಿಂದಿಳಿದು, ನಗರದ ಕೊಳೆಯನ್ನು ಕೂಡಿಸಿಕೊಂಡು, ಮೈಸೂರು ರಸ್ತೆಯ ಬದಿಯಲ್ಲಿ ಹರಿದು, ಜ್ಞಾನಭಾರತಿಯ ಸಮೀಪದಲ್ಲಿಯೇ ಹಾದು, ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಬೈರಮಂಗಲದ ಸುತ್ತಿನ ರೈತರು ಆ ನೀರಿನಲ್ಲಿ ಮೇವಿನ ಹುಲ್ಲು ಬೆಳೆದು ಹಸುಗಳಿಗೆ ಹಾಕುತ್ತಾರೆ. ಹಾಲು ಮತ್ತೆ ನಗರಕ್ಕೆ ಬರುತ್ತದೆ. ೧೯೭೪ರಿಂದ ಕಾವೇರಿಯ ನೀರನ್ನು ಮೇಲೆತ್ತಿ ತಂದು ಕುಡಿಯುತ್ತಿರುವ ನಾವು, ಬಳಸಿದುದನ್ನು ಈ ಹೊಳೆಯ ದಾರಿಯಿಂದ ಹಿಂದಕ್ಕೆ ಕಳುಹಿಸುತ್ತಿದ್ದೇವೆ.

ಒಂದು ವಿಶ್ವವಿದ್ಯಾನಿಲಯಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ಯಾವುದು? ರಸಾಯನಶಾಸ್ತ್ರದವರು ನೀರನ್ನು ಪರೀಕ್ಷಿಸಲಿ. ಚರಿತ್ರೆಯವರು ಕೆಂಪಾಂಬುಧಿಯ ಕಾಲದಿಂದ ಕಥೆ ಹೇಳಲಿ. ಕಾನೂನಿನವರು, ಮೇಲಿನ ಊರು ಕೊಳೆಸಿದ ನೀರಿಗೆ ಕೆಳಗಿನ ಊರು ಯಾರನ್ನು ಕೇಳಬೇಕೆಂದು ವಿಚಾರಿಸಲಿ. ಕನ್ನಡ ವಿಭಾಗದವರು ಆ ದಡದ ಜನರ ಮಾತನ್ನು ಬರೆದುಕೊಳ್ಳಲಿ. ವಿಜ್ಞಾನಿಗಳು ಈ ನೀರನ್ನು ಪರೀಕ್ಷಿಸಿ ಬರೆದ ಪ್ರಬಂಧಗಳು ಬೇಕಾದಷ್ಟಿವೆ. ಆದರೆ ಆ ಪ್ರಬಂಧಗಳಲ್ಲಿ ಎಷ್ಟು ಬೈರಮಂಗಲದ ಪಂಚಾಯಿತಿ ಕಟ್ಟೆಯ ಮೇಲೆ ಕನ್ನಡದಲ್ಲಿ ಓದಲ್ಪಟ್ಟವು? ತನ್ನ ಬಾವಿಯಲ್ಲಿ ಏನಿದೆಯೆಂಬುದನ್ನು ತಿಳಿಯುವ ಹಕ್ಕು ಮೊದಲು ಬಾವಿಯ ಒಡೆಯನಿಗಲ್ಲದೆ ದೂರದ ನಿಯತಕಾಲಿಕೆಯ ಓದುಗನಿಗೆ ಹೇಗೆ ಸಲ್ಲುತ್ತದೆ?

* * *

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ನೋಡಬೇಕು.

ವಿಶ್ವವಿದ್ಯಾನಿಲಯದ ಕೆಲಸ ಸತ್ಯಶೋಧನೆ, ಚರಂಡಿ ನಗರಪಾಲಿಕೆಯ ಕೆಲಸವೆಂದು ಕೆಲವರು ಹೇಳುತ್ತಾರೆ. ಚರಂಡಿಯನ್ನು ಕಟ್ಟುವುದು ಪಾಲಿಕೆಯ ಕೆಲಸವೇ ಸರಿ. ಆದರೆ ಯಾರ ಮನೆಯ ಮುಂದೆ ಕಟ್ಟಿದ್ದಾರೆ, ಯಾರ ಮನೆಯ ಮುಂದೆ ಬಿಟ್ಟಿದ್ದಾರೆ ಎಂಬುದು ಸತ್ಯಶೋಧನೆಯಲ್ಲದೆ ಮತ್ತೇನು? ಪಾಲಿಕೆ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲಾರದು.

ಬಡವರ ಪಕ್ಷ ಹಿಡಿದರೆ ಸಂಶೋಧನೆ ಪ್ರಚಾರವಾಗುತ್ತದೆಂದು ಇನ್ನು ಕೆಲವರು ಹೇಳುತ್ತಾರೆ. ಈ ಭಯ ಕೇವಲ ನೆಪವಲ್ಲ. ಆದರೆ ಅದಕ್ಕೆ ಮದ್ದೂ ನಾನು ಹೇಳುತ್ತಿರುವ ಕ್ರಮದಲ್ಲಿಯೇ ಇದೆ. ಬರೆದುದನ್ನು ಆ ಬೀದಿಯವರ ಮುಂದೆ ಓದಿದರೆ ಸುಳ್ಳು ನಿಲ್ಲುವುದಿಲ್ಲ. ಈ ಬಡಾವಣೆಗೆ ದಿನ ಬಿಟ್ಟು ದಿನ ನೀರು ಬರುತ್ತದೆಂದು ವಿದ್ಯಾರ್ಥಿ ಬರೆದಿದ್ದರೆ, ‘ಬರುತ್ತದಪ್ಪಾ, ಆದರೆ ರಾತ್ರಿ ಎರಡು ಗಂಟೆಗೆ’ ಎಂದು ಹಿಂದಿನಿಂದ ಒಬ್ಬ ತಾಯಿ ಹೇಳುತ್ತಾಳೆ. ಆ ಒಂದು ಮಾತಿನಿಂದ ಕೋಷ್ಟಕ ಬದಲಾಗುತ್ತದೆ. ನೀರಿಗೆ ಏಳಬೇಕಾದವಳ ನಿದ್ದೆ, ಮರುದಿನದ ಕೂಲಿ, ಮಗಳ 

ಶಾಲೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಪರೀಕ್ಷಕರ ಮುಂದೆ ನಡೆಯುವ ಮೌಖಿಕ ಪರೀಕ್ಷೆಗಿಂತ ಇದು ಕಠಿನವಾದ ಪರೀಕ್ಷೆ.

ಮೂರನೆಯ ಆಕ್ಷೇಪಣೆ ಹಣದ್ದು. ಆದರೆ ಇಪ್ಪತ್ತು ಪುಟದ ಕನ್ನಡ ಪುಸ್ತಿಕೆಗೂ ಒಂದು ಸಂಜೆಯ ಸಭೆಗೂ ಎಷ್ಟು ಹಣ ಬೇಕು? ಒಂದು ವಿಚಾರಗೋಷ್ಠಿಯ ಊಟದ ಖರ್ಚಿನಲ್ಲಿ ಹಲವು ಬೀದಿಗಳ ಋಣ ತೀರಬಹುದು.

* * *

ಇಷ್ಟು ಹೇಳಿದ ಮೇಲೆ ಮಾಡತಕ್ಕದ್ದೇನೆಂದೂ ಹೇಳಬೇಕು. ನನಗೆ ತೋರಿದ ಮೂರು ಸಂಗತಿಗಳನ್ನು ಅಧ್ಯಾಪಕರ ಮುಂದಿಡುತ್ತೇನೆ.

ಮೊದಲನೆಯದು, ನಗರವನ್ನು ಕುರಿತ ಯಾವ ಪ್ರಬಂಧಕ್ಕೂ ಪದವಿ ಕೊಡುವ ಮುನ್ನ ಅದರ ಸಾರವನ್ನು ಕನ್ನಡದಲ್ಲಿ ಬರೆಸಿ, ಅಧ್ಯಯನ ನಡೆದ ಸ್ಥಳದಲ್ಲಿಯೇ ಓದಿಸಬೇಕು. ಅಲ್ಲಿ ಬಂದ ಆಕ್ಷೇಪಗಳನ್ನೂ ಪ್ರಬಂಧದ ಕೊನೆಯಲ್ಲಿ ಸೇರಿಸಬೇಕು. ಆ ಬೀದಿಯ ಮಾತು ತಮಿಳೋ ಉರ್ದುವೋ ತೆಲುಗೋ ಆಗಿದ್ದರೆ ಆ ಭಾಷೆಯಲ್ಲಿಯೂ ಹೇಳಿಸಬೇಕು. ಹಳೆಯ ಬೆಂಗಳೂರು ಎಂದೂ ಒಂದೇ ನುಡಿಯ ಊರಾಗಿರಲಿಲ್ಲ.

ಎರಡನೆಯದು, ಪ್ರತಿಯೊಂದು ಕಾಲೇಜೂ ತನ್ನ ಸುತ್ತಿನ ವಾರ್ಡಿನ ಒಂದು ದಫ್ತರವನ್ನು ಇಡಬೇಕು. ನೀರು, ಕಸ, ಬಾಡಿಗೆ, ಶಾಲೆ ಬಿಟ್ಟ ಮಕ್ಕಳು, ಬೀದಿಯ ವ್ಯಾಪಾರ, ಕಡಿದ ಮರಗಳು, ಮುಚ್ಚಿದ ಬಾವಿಗಳು ಇವನ್ನು ಒಂದು ವರ್ಷದ ವಿದ್ಯಾರ್ಥಿಗಳು ಮುಂದಿನ ವರ್ಷದವರಿಗೆ ಒಪ್ಪಿಸುತ್ತ ಹೋಗಬೇಕು. ೨೦೨೫ರ ಸೆಪ್ಟೆಂಬರಿನಲ್ಲಿ ಹಳೆಯ ಬೃಹತ್ ಮಹಾನಗರಪಾಲಿಕೆ ಹೋಗಿ ಐದು ನಗರಪಾಲಿಕೆಗಳು ಬಂದಿವೆ. ಹೊಸ ಕಛೇರಿಗಳು ಹಳೆಯ ಕಡತಗಳನ್ನು ಹುಡುಕುತ್ತಿರುವ ಈ ಹೊತ್ತಿನಲ್ಲಿ, ಹತ್ತು ವರ್ಷದ ಒಂದು ದಫ್ತರ ಕಾಲೇಜಿನಲ್ಲಿದ್ದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ಮುಂದಿನ ಹತ್ತು ವರ್ಷಕ್ಕಾದರೂ ಈಗ ಆರಂಭಿಸಬಹುದು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಪ್ರಶ್ನೆ ಕೇಳುವವರು ಯಾರು ಎಂಬುದೂ ಸಮಾನತೆಯ ಪ್ರಶ್ನೆಯೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಪ್ಪು ಜನರ ಸ್ಥಿತಿಯನ್ನು ತಿಳಿಯಲು ಅಲ್ಲಿಯ ವಿಶ್ವವಿದ್ಯಾನಿಲಯವು ಆ ಜನಾಂಗದವರೇ ಆದ ಡುಬಾಯ್ಸ್ ಎಂಬ ತರುಣ ವಿದ್ವಾಂಸರನ್ನು ಕರೆಸಿತು. ಅವರು ಆ ವಾರ್ಡಿನಲ್ಲಿಯೇ ವಾಸಮಾಡಿ, ಮನೆಮನೆಗೂ ತಾವೇ ಹೋಗಿ ಕೇಳಿ, ೧೮೯೯ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಬೆಂಗಳೂರಿಗೆ ಪ್ಲೇಗು ಬಂದ ಮರುವರ್ಷದ ಮಾತು. ಇಂದಿಗೂ ಆ ಗ್ರಂಥವನ್ನು ಸಮಾಜಶಾಸ್ತ್ರಜ್ಞರು ಓದುತ್ತಾರೆ. ಆದರೆ ಅವರನ್ನು ಕರೆಸಿದ ವಿಶ್ವವಿದ್ಯಾನಿಲಯ ಅವರಿಗೆ ಪ್ರಾಧ್ಯಾಪಕನ ಪೀಠವನ್ನು ಕೊಡಲಿಲ್ಲ. ಜ್ಞಾನವನ್ನು ತೆಗೆದುಕೊಂಡಿತು, ಜ್ಞಾನಿಯನ್ನು ಹೊರಗೆ ನಿಲ್ಲಿಸಿತು.

ನಾವು ಆ ದಾರಿಯನ್ನು ಹಿಡಿಯಬಾರದು. ಪೌರಕಾರ್ಮಿಕರ ಮಕ್ಕಳು, ಹೂವಿನವರ ಮಕ್ಕಳು, ಮನೆಗೆಲಸದವರ ಮಕ್ಕಳು ನಗರವನ್ನು ಕುರಿತ ಈ ಹೊಸ ವ್ಯಾಸಂಗಗಳಿಗೆ ವಿದ್ಯಾರ್ಥಿಗಳಾಗಿ ಬರಬೇಕು. ಬರಿಯ ಮಾಹಿತಿ ಕೊಡುವವರಾಗಿ ಅಲ್ಲ. ಅದಕ್ಕೆ ಶುಲ್ಕದ ವಿನಾಯಿತಿಯೊಂದೇ ಸಾಲದು. ಇಂಗ್ಲಿಷಿನ ಗೋಡೆಯೂ ತಗ್ಗಬೇಕು, ದುಡಿದು ಓದುವವರಿಗೆ ಸಂಜೆಯ ತರಗತಿಗಳೂ ಬೇಕು. ಹಳೆಯ ಬೆಂಗಳೂರಿನ ಸಂಜೆ ಕಾಲೇಜುಗಳು ಎಷ್ಟೋ ಮಂದಿ ಗುಮಾಸ್ತರನ್ನೂ ಕಾರ್ಖಾನೆಯ ಕೆಲಸಗಾರರನ್ನೂ ಪದವೀಧರರನ್ನಾಗಿ ಮಾಡಿವೆ. ಆ ವಿದ್ಯೆ ನಮಗೆ ಮರೆತುಹೋಗಿಲ್ಲ.

ಬೆಳಗಿನ ಜಾವದ ಮಸ್ಟರಿಂಗ್ ಕೇಂದ್ರದಲ್ಲಿ ಹಾಜರಿ ಹಾಕಿ ಪೊರಕೆ ಹಿಡಿಯುವ ತಾಯಿಗೆ ಯಾವ ಬೀದಿಯಲ್ಲಿ ಯಾವ ಮನೆಯವರು ಕಸವನ್ನು ಬೇರೆಮಾಡಿ ಕೊಡುತ್ತಾರೆ, ಯಾವ ಮೋರಿ ಮೊದಲ ಮಳೆಗೇ ಉಕ್ಕುತ್ತದೆ, ಯಾವ ಮನೆಯಲ್ಲಿ ಕುಡಿಯಲು ನೀರು ಕೇಳಿದರೆ ಕೊಡುವುದಿಲ್ಲ ಎಂಬುದೆಲ್ಲ ತಿಳಿದಿದೆ. ಆಕೆಯ ಮಗಳು ಅದನ್ನು ಶಾಸ್ತ್ರದ ಕ್ರಮದಲ್ಲಿ ಬರೆದು, ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿ, ತಾಯಿ ಗುಡಿಸುವ ಬೀದಿಯಲ್ಲಿಯೇ ನಿಂತು ಓದುವಂತಾಗಬೇಕು. ಆ ಸಭೆಗೆ ಮುಂಬಾಗಿಲಿನವರೂ ಬಂದು ಕೂತು ಕೇಳಬೇಕು. ನಮ್ಮ ವಿಶ್ವವಿದ್ಯಾನಿಲಯಗಳು ಅಂಥ ಒಂದು ಸಂಜೆಯನ್ನು ಬಸವನಗುಡಿಯಲ್ಲಿಯೋ ಮಲ್ಲೇಶ್ವರದಲ್ಲಿಯೋ ಚಾಮರಾಜಪೇಟೆಯಲ್ಲಿಯೋ ಈ ವರ್ಷವೇ ಏರ್ಪಡಿಸಲಿ.